ಮೆಣಸಿನಕಾಯಿಯ ಉರಿಗೆ ನೀರಿಗಿಂತ ಮೊದಲು ಎಣ್ಣೆ

ಮಿರ್ಚಿ ಬಜ್ಜಿಗೆಂದು ರಾಶಿ ಹಸಿಮೆಣಸಿನಕಾಯಿ ಸೀಳಿದ ಕೈ ಆಗಲೇ ಉರಿಯಬೇಕೆಂದಿಲ್ಲ. ಎಷ್ಟೋ ಸಲ ಅಡುಗೆಯೆಲ್ಲ ಮುಗಿದ ಮೇಲೆ ಉಗುರಿನ ಬುಡದಲ್ಲಿ, ಬೆರಳ ಸಂದಿಯಲ್ಲಿ ಚುರುಚುರು ಶುರುವಾಗುತ್ತದೆ. ನಲ್ಲಿಯ ಕೆಳಗೆ ಕೈ ಹಿಡಿದಿರುವಷ್ಟು ಹೊತ್ತು ಹಾಯೆನಿಸುತ್ತದೆ. ತೆಗೆದರೆ ಮತ್ತೆ ಅದೇ ಉರಿ.

ಇದು ಕ್ಯಾಪ್ಸೈಸಿನ್ ಎಂಬ ರಾಸಾಯನಿಕದ ಕೆಲಸ. ಖಾರವೆಲ್ಲ ಬೀಜದಲ್ಲಿದೆ ಎಂದು ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೆರಳು ಹಾಕಿ ಆ ತಿರುಳನ್ನು ಕೆರೆದು ತೆಗೆಯುವಾಗಲೇ ಚರ್ಮಕ್ಕೆ ಹೆಚ್ಚು ಖಾರ ಹತ್ತುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ.

ಕೈ ಬೆಂಕಿಗೆ ಹಿಡಿದ ಹಾಗೆ ಉರಿದರೂ ಚರ್ಮ ಸುಟ್ಟಿರುವುದಿಲ್ಲ. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಕ್ಯಾಪ್ಸೈಸಿನ್ ಅದಕ್ಕೆ ಅಂಟಿಕೊಂಡು, ಬಿಸಿಯೇ ಇಲ್ಲದಾಗಲೂ ಅದನ್ನು ತೆರೆಸುತ್ತದೆ. ಕೈ ಸುಡುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಪ್ರೋಟೀನನ್ನು ಗುರುತಿಸಿತು. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಕ್ಯಾಪ್ಸೈಸಿನ್ ತಾಗಿದ ನರಕ್ಕೆ ಉಗುರುಬೆಚ್ಚಗಿನ ನೀರೂ ಸುಡುನೀರೇ. ಆದ್ದರಿಂದ ಉರಿಯುವ ಕೈಗೆ ಬಿಸಿನೀರು ಬೇಡ, ಒಲೆಯ ಝಳವೂ ಬೇಡ.

ಹಾಗಾದರೆ ಮಾಡಬೇಕಾದದ್ದು? ಒಣಗಿದ ಕೈಗೇ ಧಾರಾಳವಾಗಿ ಅಡುಗೆ ಎಣ್ಣೆ ಹಾಕಿ, ಕೊಬ್ಬರಿ ಎಣ್ಣೆಯಾದರೂ ಸರಿ, ಶೇಂಗಾ ಎಣ್ಣೆಯಾದರೂ ಸರಿ. ಉಗುರಿನ ಸಂದಿಗೂ ಹೋಗುವಂತೆ ಒಂದೆರಡು ನಿಮಿಷ ತಿಕ್ಕಿ, ಹಳೆ ಬಟ್ಟೆಯಲ್ಲಿ ಒರೆಸಿ. ಈ ಒರೆಸುವುದನ್ನು ಬಿಡಬಾರದು; ಖಾರ ಈಗ ಎಣ್ಣೆಯಲ್ಲಿದೆ, ಎಣ್ಣೆ ಇನ್ನೂ ಕೈಮೇಲಿದೆ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆಯಿರಿ. ಉರಿ ಉಳಿದಿದ್ದರೆ ಇನ್ನೊಮ್ಮೆ ಇದೇ ಕ್ರಮ. ವೈದ್ಯರು ಎಣ್ಣೆ ಮತ್ತು ತಣ್ಣೀರು ಎರಡನ್ನೂ ಹೋಲಿಸಿ ನೋಡಿದಾಗ ಮೊದಲಿಗೆ ನೀರು ಹಿತ ಕೊಟ್ಟಿತು, ಹೆಚ್ಚು ಹೊತ್ತು ನಿಂತದ್ದು ಎಣ್ಣೆಯ ಹಿತ. ತಣ್ಣನೆಯ ಮೊಸರು, ಹಾಲಿನಲ್ಲಿ ಕೈ ಅದ್ದಿದರೂ ತಂಪಾಗುತ್ತದೆ, ಆದರೆ ತೊಳೆಯುವ ಕೆಲಸ ಅದರಿಂದ ತಪ್ಪುವುದಿಲ್ಲ. ಸುಣ್ಣವನ್ನಂತೂ ಹಚ್ಚಲೇಬೇಡಿ, ಅದು ಚರ್ಮವನ್ನು ನಿಜವಾಗಿಯೇ ಸುಡುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಸುಗ್ಗಿಯಲ್ಲಿ ದಿನವಿಡೀ ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೈಗವಸು ಕೊಡುವುದು ಉಪಕಾರವಲ್ಲ, ಕೆಲಸ ಕೊಟ್ಟವರ ಹೊಣೆ.

ಕಣ್ಣಿಗೆ ತಾಗಿದರೆ ಎಣ್ಣೆಯ ಮಾತೇ ಬೇಡ. ಉಜ್ಜದೆ, ಶುದ್ಧ ನೀರಿನಿಂದ ಹದಿನೈದು ನಿಮಿಷವಾದರೂ ತೊಳೆಯಿರಿ. ಆಮೇಲೂ ನೋವಿದ್ದರೆ, ನೋಟ ಮಂಜಾದರೆ, ಅಥವಾ ಕೈಯಲ್ಲಿ ಗುಳ್ಳೆ ಎದ್ದರೆ ಡಾಕ್ಟರ ಬಳಿ ಹೋಗಿ.