ಫಾರ್ಮ್ಯಾಟ್ ಹೊಡೆಸುವ ಮುನ್ನ

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇದರ ಪೆಟ್ಟು ಹೊಸ ಯಂತ್ರ ಕೊಳ್ಳಬಲ್ಲ ನಗರದ ಕಚೇರಿಗಳಿಗಿಂತ ರಾಯಬಾಗ ತಾಲೂಕಿನ ಅಲಖನೂರದಂಥ ಊರುಗಳಿಗೆ ಹೆಚ್ಚು ತಾಗುತ್ತದೆ. ಏಕೆಂದರೆ ಇಂಥ ಊರಿನ ವಿದ್ಯಾರ್ಥಿಯ ಮನೆಗೂ ಝೆರಾಕ್ಸ್ ಅಂಗಡಿಗೂ ಬರುವ ಕಂಪ್ಯೂಟರು ಸಾಮಾನ್ಯವಾಗಿ ಯಾವುದೋ ಕಚೇರಿ ಕೆಲವು ವರ್ಷ ಬಳಸಿ ಮಾರಿದ ಸೆಕೆಂಡ್ ಹ್ಯಾಂಡ್ ಯಂತ್ರವಾಗಿರುತ್ತದೆ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಯ, ಅಂದರೆ 2017ರಿಂದ ಈಚಿನ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಕೇಳುವುದರಿಂದ, ಅದಕ್ಕಿಂತ ಹಳೆಯ ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ ಆ ಸಂಸ್ಥೆಯ ಲೆಕ್ಕದಲ್ಲಿ ಕೆಲಸಕ್ಕೆ ಬಾರದವಾಗಿವೆ. ಈ ಲೆಕ್ಕವನ್ನು ಒಪ್ಪಬೇಕಾಗಿಲ್ಲ.

ಯಂತ್ರದ ಬಿಡಿಭಾಗಗಳಿಗೂ ಬಳಕೆದಾರನಿಗೂ ನಡುವೆ ನಿಂತು, ಕೀಲಿಮಣೆಯ ಒತ್ತನ್ನು ಅಕ್ಷರವಾಗಿಸುವ, ಕಡತವನ್ನು ಹಾರ್ಡ್ ಡಿಸ್ಕಿನಲ್ಲಿ ಇರಿಸುವ, ಪ್ರಿಂಟರಿಗೆ ಆಜ್ಞೆ ಕೊಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಅದನ್ನು ಅಳಿಸಿ ಮತ್ತೆ ಹಾಕಿಸುವುದನ್ನು ಜನರು ‘ಫಾರ್ಮ್ಯಾಟ್ ಹೊಡೆಸುವುದು’ ಎನ್ನುತ್ತಾರೆ. ಹೀಗೆ ಹೊಡೆಸಿದಾಗ ಪರವಾನಗಿಯಿಲ್ಲದ ವಿಂಡೋಸ್ ಪ್ರತಿಯೇ ಮರಳಿ ಬಂದು ಕೂಡುವುದು ಎಷ್ಟು ಸಾಮಾನ್ಯವೋ, ಅದನ್ನು ಸಕ್ರಿಯಗೊಳಿಸಲು ಬಳಸುವ ಕಳ್ಳ ತಂತ್ರಾಂಶದ ಜೊತೆಗೆ ವೈರಸ್ ಒಳನುಗ್ಗುವ ಅಪಾಯವೂ ಅಷ್ಟೇ ಸಾಮಾನ್ಯ.

ವಿಂಡೋಸ್‌ಗೆ ಬದಲಿಯಾಗಿ ನಿಲ್ಲಬಲ್ಲದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟಲು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯ ಸಾಧನಗಳೂ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ‘ಕರ್ನೆಲ್’ ಎಂಬ ತಿರುಳೂ ಸೇರಿ ಇದು ಬೆಳೆಯಿತು. ಈ ತಿರುಳಿನ ಸುತ್ತ ಬೇಕಾದ ತಂತ್ರಾಂಶಗಳನ್ನು ಹೊಂದಿಸಿ ಕೊಡುವ ಸಿದ್ಧ ರೂಪಗಳನ್ನು ವಿತರಣೆಗಳೆಂದು ಕರೆಯುತ್ತಾರೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ರೂಪವೋ ಲುಬುಂಟುವೋ ಹೊಂದುತ್ತದೆ. 32 ಬಿಟ್‌ನ ತೀರ ಹಳೆಯ ಪ್ರೊಸೆಸರ್ ಇದ್ದರೆ ಆಯ್ಕೆ ಕಿರಿದಾಗುತ್ತದೆ; 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅಂಥ ಯಂತ್ರಗಳಿಗೆ ಅನುಸ್ಥಾಪನೆಯ ಪ್ರತಿಯನ್ನು ಕೊಡುವುದನ್ನು ನಿಲ್ಲಿಸಿದೆ.

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಅದನ್ನು ಹಾಕುವ ಮೊದಲೇ ಬಳಸಿ ನೋಡಬಹುದು. ವಿತರಣೆಯ ಅಧಿಕೃತ ತಾಣದಿಂದ ಇಳಿಸಿಕೊಂಡ ಐಎಸ್‌ಒ ಕಡತವನ್ನು ರೂಫಸ್‌ನಂಥ ಉಚಿತ ಸಾಧನದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆದು, ಯಂತ್ರ ಚಾಲೂ ಆಗುವಾಗ ಡೆಲ್ ಅಥವಾ ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಕೀಲಿಯನ್ನು ಒತ್ತಿ ಪೆನ್‌ಡ್ರೈವನ್ನು ಆರಿಸಿದರೆ, ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಹೊಸ ವ್ಯವಸ್ಥೆ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಪ್ರಿಂಟರ್, ಕೀಲಿಮಣೆಯ ಪ್ರತಿಯೊಂದು ಕೀಲಿ, ಇವೆಲ್ಲವನ್ನೂ ಪರೀಕ್ಷಿಸಬೇಕಾದದ್ದು ಈ ಹಂತದಲ್ಲಿಯೇ. ಬ್ರಾಡ್‌ಕಾಮ್ ಚಿಪ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮೊದಲಿಗೆ ಕಾಣಿಸದು. ಆಗ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಅದರ ಇಂಟರ್ನೆಟ್ ಪಡೆದು ಬೇಕಾದ ಡ್ರೈವರ್ ಹಾಕಿಕೊಳ್ಳಬಹುದು.

ಆದರೆ ಹಳೆಯ ಯಂತ್ರ ಕೈಕೊಟ್ಟಾಗ ಎಷ್ಟೋ ಸಲ ದೋಷ ವ್ಯವಸ್ಥೆಯದಾಗಿರದೆ ಮದರ್‌ಬೋರ್ಡಿನಲ್ಲಿ ಕುಳಿತ, ನಾಣ್ಯದಾಕಾರದ ಸಿಆರ್2032 ಸೆಲ್ಲಿನದಾಗಿರುತ್ತದೆ. ಆ ಸೆಲ್ಲು ಸತ್ತರೆ ಪ್ರತಿ ಸಲ ಪ್ಲಗ್ ತೆಗೆದಾಗಲೂ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಿದ ಯಂತ್ರದಲ್ಲಿ ಬ್ರೌಸರು ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನು ನಂಬುವುದಿಲ್ಲ, ಮಾಲೀಕನಿಗೋ ‘ನೆಟ್ ಓಡುತ್ತಿಲ್ಲ’ ಎಂದಷ್ಟೇ ತೋರುತ್ತದೆ. ಆ ಸಣ್ಣ ಸೆಲ್ಲನ್ನು ಬದಲಿಸಿದರೆ ಸಾಕು. ಹಾಗೆಯೇ, ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಬರುವ ವೇಗವನ್ನು ಯಾವ ಹಗುರ ವ್ಯವಸ್ಥೆಯೂ ತಾನೊಂದೇ ತಂದುಕೊಡಲಾರದು.

ಲಿನಕ್ಸ್‌ನಲ್ಲಿ ಕನ್ನಡ ಬರೆಯುವುದು ಕಷ್ಟವೆಂಬ ಹಿಂಜರಿಕೆಗೆ ಈಗ ಆಧಾರವಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನ ಕಚೇರಿಗಳಲ್ಲೆಲ್ಲ ಕೈಗೆ ಕೂತ ಕೀಲಿವಿನ್ಯಾಸವು ‘ಕಗಪ’ ಎಂಬ ಹೆಸರಿನಿಂದ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಒತ್ತಿದರೆ ‘ಕನ್ನಡ’ ಮೂಡುವುದು ನುಡಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ನಡುವಿನ ಎಫ್ ಒತ್ತಕ್ಷರವನ್ನು ಕೂಡಿಸುವ ಕೀಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗಾಗಿ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿಯೇ ಕಂಪ್ಯೂಟರ್ ಕಲಿಯುತ್ತಾರೆ. ಗಡಿಯಾಚೆ ನಮ್ಮದೇ ಭಾಷೆಯ ಮಕ್ಕಳಿಗೆ ದಿನನಿತ್ಯದ ಸಂಗತಿಯಾಗಿರುವುದು ಚಿಕ್ಕೋಡಿ, ಅಥಣಿ, ರಾಯಬಾಗದ ಮಕ್ಕಳಿಗೆ ಕಷ್ಟವಾಗಲು ಕಾರಣವಿಲ್ಲ.

ಆದರೂ ಎಲ್ಲ ಯಂತ್ರಗಳಿಗೂ ಇದೇ ಮದ್ದೆಂದು ಹೇಳುವುದು ಪ್ರಾಮಾಣಿಕವಾಗದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯೂ, ಆಧಾರ್ ದೃಢೀಕರಣಕ್ಕೆ ಬೆರಳಚ್ಚು ಸಾಧನ ಬಳಸುವ ಸೇವಾ ಕೇಂದ್ರವೂ ವಿಂಡೋಸ್ ಬಿಡದಿರುವುದೇ ಲೇಸು, ಏಕೆಂದರೆ ಅಂಥ ತಂತ್ರಾಂಶಗಳು ಬಹುಪಾಲು ವಿಂಡೋಸ್‌ಗಾಗಿಯೇ ಸಿದ್ಧವಾಗಿರುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದರಿಂದ, ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಓದು, ಬರಹ, ಇಂಟರ್ನೆಟ್, ವಿಡಿಯೋ ಪಾಠ, ಅರ್ಜಿ ತುಂಬುವುದು ಇಷ್ಟೇ ಕೆಲಸವಿರುವ ಮನೆಯ ಯಂತ್ರಕ್ಕೆ ಮಾತ್ರ ಲಿನಕ್ಸ್ ನಿಸ್ಸಂದೇಹವಾಗಿ ಸಾಕು.

ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗದೆಂಬ ಭರವಸೆಯಿರುವ ಹೊತ್ತನ್ನೇ ಲಿನಕ್ಸ್ ಹಾಕುವ ಕೆಲಸಕ್ಕೆ ಆರಿಸಿಕೊಳ್ಳಬೇಕು. ಹಾರ್ಡ್ ಡಿಸ್ಕಿನ ವಿಭಾಗಗಳು ಬದಲಾಗುತ್ತಿರುವಾಗ ಯಂತ್ರ ಆರಿಹೋದರೆ ಹೊಸದೂ ಇಲ್ಲ, ಹಳೆಯದೂ ಇಲ್ಲ ಎಂಬ ಸ್ಥಿತಿ ಬರಬಹುದು. ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತುವ ಮೊದಲು ಮನೆಯವರ ಫೋಟೋ, ಮಕ್ಕಳ ಅಂಕಪಟ್ಟಿ, ಸ್ಕ್ಯಾನ್ ಮಾಡಿಟ್ಟ ಪಹಣಿಗಳನ್ನು ದಯವಿಟ್ಟು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅವು ಅಲ್ಲಿ ಸರಿಯಾಗಿ ತೆರೆಯುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಿ.