ಕೀರ್ತನೆಯ ‘ನಾನು’ ಯಾರು?

ಯಾಮಪ್ರಾರ್ಥನೆಯಲ್ಲಿ ಕೀರ್ತನೆಗಳು ನಾಲ್ಕು ವಾರಗಳ ಆವರ್ತಕ್ಕೆ ಹಂಚಿಹೋಗಿದ್ದರೂ ರಾತ್ರಿಪ್ರಾರ್ಥನೆಗೆ ಮಾತ್ರ ಒಂದೇ ವಾರದ ಆವರ್ತವಿದೆ. ಹೀಗಾಗಿ 88ನೆಯ ಕೀರ್ತನೆ ಶುಕ್ರವಾರದ ರಾತ್ರಿಗಳಲ್ಲಿ ಮತ್ತೆ ಮತ್ತೆ ನಮ್ಮೆದುರು ಬಂದು ನಿಲ್ಲುತ್ತದೆ. ಕೀರ್ತನಾಗ್ರಂಥದಲ್ಲಿ ಇದಕ್ಕಿಂತ ಕತ್ತಲಾದ ಪ್ರಾರ್ಥನೆ ಮತ್ತೊಂದಿಲ್ಲವೆಂದೇ ಹೇಳಬೇಕು. ಉಳಿದ ಶೋಕಗೀತೆಗಳಲ್ಲಿ ಹೆಚ್ಚಿನವು ಕಡೆಗೆ ಸ್ತುತಿಯತ್ತಲೋ ಭರವಸೆಯತ್ತಲೋ ಹೊರಳುತ್ತವೆ, ಇದು ಹೊರಳುವುದಿಲ್ಲ. ಹೀಬ್ರೂ ಮೂಲದಲ್ಲಿ ಇದರ ಕಟ್ಟಕಡೆಯ ಪದ ‘ಕತ್ತಲೆ’ಯೇ ಆಗಿದೆ. (ಭಾನುವಾರದ ಕೀರ್ತನೆಗಳನ್ನು ಬದಲಿಗೆ ಹೇಳಲು ಧರ್ಮಸಭೆ ಅನುಮತಿ ನೀಡಿದೆ. ಆ ಅನುಮತಿಯನ್ನು ನಾವು ಶುಕ್ರವಾರವೇ ಹೆಚ್ಚಾಗಿ ಬಳಸುತ್ತೇವೇನೋ ಎಂಬುದು ನನ್ನ ಗುಮಾನಿ.)

ಮಧ್ಯಾಹ್ನ ಮದುವೆಯ ಬಲಿಪೂಜೆ ಅರ್ಪಿಸಿ, ಸಂತೋಷದಿಂದ ಉಂಡು, ಆರೋಗ್ಯವಾಗಿಯೇ ಕೋಣೆಗೆ ಮರಳಿದ ಗುರುವು ರಾತ್ರಿ ಈ ಕೀರ್ತನೆಯನ್ನು ತೆರೆದು, ತನ್ನ ಪ್ರಾಣ ಪಾತಾಳದ ಅಂಚಿಗೆ ಬಂದಿದೆ ಎಂದು ದೇವರ ಮುಂದೆ ಹೇಳುವುದು ಸುಳ್ಳಾಗುವುದಿಲ್ಲವೇ? ಗುರುಮಠದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಕೇಳದವರು ಎರಡರಲ್ಲಿ ಒಂದು ಹಾದಿ ಹಿಡಿಯುತ್ತಾರೆ: ಅರ್ಥವನ್ನು ಬದಿಗಿಟ್ಟು ಅಕ್ಷರಗಳನ್ನು ವೇಗವಾಗಿ ಓದಿ ಮುಗಿಸುವುದು, ಇಲ್ಲವೇ ಕೀರ್ತನೆಯನ್ನು ಬಿಟ್ಟು ‘ಹೃದಯದಿಂದ ಬಂದ’ ಸ್ವಂತ ಮಾತುಗಳಲ್ಲಿ ಪ್ರಾರ್ಥಿಸುವುದು. ಎರಡನೆಯದು ಮೇಲ್ನೋಟಕ್ಕೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಆದರೆ ಎರಡರ ಹಿಂದೆಯೂ ಒಂದೇ ತಿಳಿವಳಿಕೆ ಅಡಗಿದೆ: ಪ್ರಾರ್ಥನೆಯೆಂದರೆ ನನ್ನ ಈ ಹೊತ್ತಿನ ಮನಃಸ್ಥಿತಿಯ ಅಭಿವ್ಯಕ್ತಿ.

ಈ ತಿಳಿವಳಿಕೆಗೆ ಪಿತೃಗಳ ಪರಂಪರೆಯಲ್ಲಿ ಆಧಾರವೇ ಇಲ್ಲವೆಂದಲ್ಲ. ಸಂತ ಅಥನಾಸಿಯಸ್ ಮಾರ್ಸೆಲಿನಸ್‌ಗೆ ಬರೆದ ಪತ್ರದಲ್ಲಿ ಕೀರ್ತನೆಗಳನ್ನು ಆತ್ಮದ ಕನ್ನಡಿ ಎನ್ನುತ್ತಾರೆ. ಹಾಡುವವನು ಅದರಲ್ಲಿ ತನ್ನನ್ನೇ ಕಾಣುತ್ತಾನೆ. ಯಾವ ಸಂದರ್ಭಕ್ಕೆ ಯಾವ ಕೀರ್ತನೆ ಎಂಬುದನ್ನೂ ಅವರು ಸೂಚಿಸುತ್ತಾರೆ. ಏಕಾಂತದ ಭಕ್ತಿಗೆ ಇದು ಬಹು ಉಪಯುಕ್ತ. ಯಾಮಪ್ರಾರ್ಥನೆಯಲ್ಲಾದರೋ ಕೀರ್ತನೆಯನ್ನು ಆರಿಸುವವರು ನಾವಲ್ಲ. ಕನ್ನಡಿಯಲ್ಲಿ ನನ್ನದಲ್ಲದ ಮುಖ ಕಂಡಾಗ ಏನು ಮಾಡಬೇಕು?

ಇಲ್ಲಿ ಸಂತ ಅಗಸ್ಟೀನರು ನೆರವಿಗೆ ಬರುತ್ತಾರೆ. ಕೀರ್ತನೆಗಳ ಮೇಲಿನ ಅವರ ದೀರ್ಘ ವ್ಯಾಖ್ಯಾನಗಳಿಗೆಲ್ಲ ಬೆನ್ನೆಲುಬಾದ ತತ್ತ್ವ ‘ಸಮಗ್ರ ಕ್ರಿಸ್ತ’: ಶಿರಸ್ಸಾದ ಕ್ರಿಸ್ತರೂ ಅವರ ದೇಹವಾದ ಧರ್ಮಸಭೆಯೂ ಸೇರಿ ಒಬ್ಬನೇ ವ್ಯಕ್ತಿಯಂತೆ ಮಾತನಾಡುತ್ತಾರೆ. ಇದಕ್ಕೆ ಅವರು ಮತ್ತೆ ಮತ್ತೆ ತೋರುವ ಆಧಾರ ದಮಸ್ಕದ ದಾರಿಯ ಘಟನೆ. ಸೌಲನು ಹಿಂಸಿಸುತ್ತಿದ್ದುದು ಭೂಮಿಯ ಮೇಲಿದ್ದ ಶಿಷ್ಯರನ್ನು. ಆದರೆ ಸ್ವರ್ಗದಿಂದ ಕೇಳಿಬಂದ ದನಿ, ಹಿಂಸೆಗೊಳಗಾದವನು ನಾನೇ ಎಂದಿತು. ಕಾಲನ್ನು ತುಳಿದರೆ ನಾಲಿಗೆ ಕೂಗುತ್ತದೆ, ನಾಲಿಗೆಯನ್ನು ಯಾರೂ ತುಳಿದಿರುವುದಿಲ್ಲ. ಹಾಗೆಯೇ ಕ್ರಿಸ್ತರು ನಮ್ಮ ಯಾಜಕರಾಗಿ ನಮಗಾಗಿ, ಶಿರಸ್ಸಾಗಿ ನಮ್ಮೊಳಗೆ ಪ್ರಾರ್ಥಿಸುತ್ತಾರೆ. ನಮ್ಮ ದೇವರಾಗಿ ನಮ್ಮ ಪ್ರಾರ್ಥನೆಯನ್ನು ಸ್ವೀಕರಿಸುತ್ತಾರೆ. ಇದು ಬರಿಯ ರೂಪಕವಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ 22ನೆಯ ಕೀರ್ತನೆಯ ಆರಂಭದಿಂದ ಕೂಗಿಕೊಂಡರೆಂದು ಮಾರ್ಕ, ಮತ್ತಾಯರು ಬರೆಯುತ್ತಾರೆ; 31ನೆಯ ಕೀರ್ತನೆಯ ಮಾತಿನೊಂದಿಗೆ ಪ್ರಾಣ ಅರ್ಪಿಸಿದರೆಂದು ಲೂಕ. ಮರಣದ ಗಳಿಗೆಯಲ್ಲಿ ದೇವಪುತ್ರರೇ ತಮ್ಮ ಜನರ ಹಳೆಯ ಪ್ರಾರ್ಥನೆಯನ್ನು ತಮ್ಮದಾಗಿಸಿಕೊಂಡರು. 31ನೆಯ ಕೀರ್ತನೆಯ ಅದೇ ಮಾತನ್ನು ಧರ್ಮಸಭೆ ಪ್ರತಿ ರಾತ್ರಿ ನಮ್ಮ ಬಾಯಲ್ಲಿಡುತ್ತದೆ.

ಹೀಗೆ ನೋಡಿದಾಗ ಮೇಲಿನ ಪ್ರಶ್ನೆಯ ದಿಕ್ಕೇ ಬದಲಾಗುತ್ತದೆ. ‘ಈ ಮಾತು ನನಗೆ ಹೊಂದುತ್ತದೆಯೇ?’ ಎಂಬುದಕ್ಕಿಂತ ‘ಈ ಮಾತು ಈ ರಾತ್ರಿ ಯಾರದು?’ ಎಂದು ಕೇಳುವುದು ಸರಿ. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 19ನೆಯ ಅಧ್ಯಾಯದಲ್ಲಿ ಮನಸ್ಸು ದನಿಗೆ ಹೊಂದಿಕೊಳ್ಳಬೇಕೆಂದು ಬಯಸುತ್ತಾರೆಯೇ ಹೊರತು ದನಿ ಮನಸ್ಸಿಗೆ ಹೊಂದಬೇಕೆಂದಲ್ಲ. ಇಂದಿನ ನಮ್ಮ ಅಭಿರುಚಿಗೆ ಇದು ತಲೆಕೆಳಗಾದ ಕ್ರಮ. ಪೋಪ್ ಆರನೆಯ ಪೌಲರು 1970ರಲ್ಲಿ ಪ್ರಕಟಿಸಿದ ಪರಿಷ್ಕೃತ ಯಾಮಪ್ರಾರ್ಥನೆಯ ಸಾಮಾನ್ಯ ನಿರ್ದೇಶನವೂ 108ನೆಯ ಪರಿಚ್ಛೇದದಲ್ಲಿ ಇದನ್ನೇ ಹೇಳುತ್ತದೆ: ಕೀರ್ತನೆಯನ್ನು ಹೇಳುವವನು ತನ್ನ ಹೆಸರಿನಲ್ಲಿ ಎನ್ನುವುದಕ್ಕಿಂತ ಕ್ರಿಸ್ತರ ಸಮಸ್ತ ದೇಹದ ಹೆಸರಿನಲ್ಲಿ ಹೇಳುತ್ತಾನೆ, ಆದ್ದರಿಂದ ತನ್ನ ದುಃಖದ ದಿನ ಹರ್ಷದ ಕೀರ್ತನೆ ಬಂದರೂ ಹೇಳಲು ಕಾರಣವಿದ್ದೇ ಇರುತ್ತದೆ. ಯಾಜಕನಿಗೆ ಯಾಮಪ್ರಾರ್ಥನೆ ಕಡ್ಡಾಯವೆಂದು 1983ರ ಕಾನೂನು ಸಂಹಿತೆ ವಿಧಿಸುವುದನ್ನು (ವಿಧಿ 276) ನಾವು ಸಾಮಾನ್ಯವಾಗಿ ಹೊರೆಯ ಲೆಕ್ಕದಲ್ಲಿಯೇ ಮಾತನಾಡುತ್ತೇವೆ. ಪ್ರಾರ್ಥಿಸಲಾರದವರ ಪರವಾಗಿ ನಿಂತಿರುವುದು ಆ ಕಡ್ಡಾಯದ ತಿರುಳೆಂದು ನನ್ನ ಭಾವನೆ.

ಮದುವೆಯಿಂದ ಮರಳಿದ ಆ ಗುರುವಿನ ಧರ್ಮಕೇಂದ್ರದಲ್ಲಿಯೇ ಅಂದು ರಾತ್ರಿ ಆಸ್ಪತ್ರೆಯ ಹಾಸಿಗೆಯಲ್ಲಿ ಒಬ್ಬರು ಎಚ್ಚರವಾಗಿರಬಹುದು; ಮಗನನ್ನು ಕಳೆದುಕೊಂಡ ತಾಯಿ ದೇವರ ಹೆಸರೆತ್ತಲೂ ಆಗದೆ ಕುಳಿತಿರಬಹುದು. 88ನೆಯ ಕೀರ್ತನೆ ಅವರ ಮಾತು. ಗಮನಿಸಬೇಕಾದದ್ದು, ಅಷ್ಟು ಕತ್ತಲಿನಲ್ಲಿಯೂ ಅದು ದೇವರನ್ನು ‘ನೀನು’ ಎಂದು ಸಂಬೋಧಿಸುವುದನ್ನು ಬಿಡುವುದಿಲ್ಲ; ಹಗಲಿರುಳು ಮೊರೆಯಿಟ್ಟೆನೆಂಬ ಮಾತು ಅದರಲ್ಲಿ ಬೇರೆ ಬೇರೆ ರೀತಿಯಲ್ಲಿ ಮೂರು ಸಲ ಬರುತ್ತದೆ. ಉತ್ತರ ಸಿಕ್ಕಿತೆಂದು ಎಲ್ಲಿಯೂ ಇಲ್ಲ. ಅಂಥ ಸಂಬೋಧನೆಯನ್ನು ಆ ತಾಯಿಯ ಬದಲಿಗೆ ಇನ್ನೊಬ್ಬರ ಬಾಯಿ ಉಳಿಸಿಕೊಂಡಿದ್ದರೆ ಅದನ್ನು ಸುಳ್ಳೆನ್ನಲಾದೀತೇ?

ಇದೇ ತರ್ಕ ಶಾಪದ ಕೀರ್ತನೆಗಳವರೆಗೂ ಹೋಗುತ್ತದೆ. 58, 83, 109ನೆಯ ಕೀರ್ತನೆಗಳನ್ನೂ ಬೇರೆ ಕೆಲವು ವಚನಗಳನ್ನೂ ಪರಿಷ್ಕರಣದಲ್ಲಿ ಕೈಬಿಡಲಾಯಿತು. ಹೇಳುವವರಿಗೆ ಮಾನಸಿಕವಾಗಿ ಕಷ್ಟವೆಂಬುದು ಅದಕ್ಕೆ ಕೊಟ್ಟ ಕಾರಣ. ಆ ಕಷ್ಟ ನಿಜವಾದುದೇ. ಆದರೂ ನ್ಯಾಯಕ್ಕಾಗಿ ಕೂಗುವ ಪೀಡಿತರ ದನಿ ಪ್ರಕಟನಾ ಗ್ರಂಥದ ಆರನೆಯ ಅಧ್ಯಾಯದಲ್ಲಿ ರಕ್ತಸಾಕ್ಷಿಗಳ ಬಾಯಲ್ಲಿಯೇ ಕೇಳಿಬರುವಾಗ, ನಮ್ಮ ಕೋಪವಲ್ಲವೆಂದು ಅದನ್ನು ಪೂರ್ತಿ ಮರೆಯಬಾರದು. ಈ ಮೂರು ಕೀರ್ತನೆಗಳನ್ನು ವಿದ್ಯಾರ್ಥಿಗಳು ಖಾಸಗಿಯಾಗಿ ಓದಲೆಂದು ನಾನು ಸೂಚಿಸುತ್ತೇನೆ. ಸ್ವಂತ ಶತ್ರುವನ್ನು ನೆನೆದು ಓದುವುದು ಮಾತ್ರ ಬೇಡ.

ಆಚರಣೆಗೆ ಬಂದರೆ ಬೇಕಾದದ್ದು ಸ್ವಲ್ಪವೇ. ಪ್ರತಿ ಕೀರ್ತನೆಯ ಮೇಲೆ ಅಚ್ಚಾಗಿರುವ ಶೀರ್ಷಿಕೆಯನ್ನೂ ಹೊಸ ಒಡಂಬಡಿಕೆಯ ಅಥವಾ ಪಿತೃಗಳ ಕಿರುವಾಕ್ಯವನ್ನೂ ನಾವು ಹಾರಿಸಿಬಿಡುತ್ತೇವೆ. ಯಾರ ದನಿಯೆಂದು ತಿಳಿಸಲೆಂದೇ ಅವು ಅಲ್ಲಿವೆ. ಅವನ್ನು ಮೌನವಾಗಿ ಓದಿ, ಆ ದನಿಗೆ ಒಂದು ಮುಖವನ್ನು, ಸಾಧ್ಯವಾದರೆ ಅಂದು ಭೇಟಿಯಾದ ಒಬ್ಬರ ಮುಖವನ್ನು, ಕೊಟ್ಟು ಆರಂಭಿಸಬೇಕು. ಸಮುದಾಯದಲ್ಲಿ ಎರಡು ಬದಿಗಳವರು ಹೇಳುವಾಗ ಒಂದು ಬದಿಯ ಕೊನೆಯ ಅಕ್ಷರ ಮುಗಿಯುವ ಮೊದಲೇ ಇನ್ನೊಂದು ಬದಿ ಆರಂಭಿಸದಿರಲಿ. ಕೀರ್ತನೆ ಮುಗಿದ ಮೇಲೆ ಮೌನಕ್ಕೆ ನಿರ್ದೇಶನವೇ ಅವಕಾಶ ನೀಡಿದೆ. 88ನೆಯದರ ನಂತರವಾದರೂ ಅದನ್ನು ಬಳಸಿ, ಆ ಕೊನೆಯ ಪದವನ್ನು ಸ್ವಲ್ಪ ಹೊತ್ತು ಹಾಗೆಯೇ ಇರಗೊಡಬೇಕು.