ಕೀಲಿ ಕೊಟ್ಟ ಮೇಲೆ ಕಾರು ಎಲ್ಲಿಗೆ ಹೋಗುತ್ತೆ?

ಶನಿವಾರ ರಾತ್ರಿ ಒಂಬತ್ತೂವರೆ. ಅಜ್ಜಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದ ಹಾಗಾಯಿತು. ಆಸ್ತಮಾ ಅವರಿಗೆ ಹಳೆಯ ನೆಂಟ. ಇನ್‌ಹೇಲರ್‌ಗೆ ಜಗ್ಗದಿದ್ದರೆ ಆಸ್ಪತ್ರೆಗೆ ಹೋಗಿ ನೆಬ್ಯುಲೈಸರ್ ಹಾಕಿಸಲೇಬೇಕು. ಅಪ್ಪ ಕಾರಿನ ಕೀಲಿ ಹಿಡಿದು ಓಡಿದರು, ನಾನು ಗೇಟು ತೆಗೆದೆ. ಗೇಟಿಗೆ ಅಡ್ಡವಾಗಿ ದೊಡ್ಡದೊಂದು ಬಿಳಿ ಕಾರು ನಿಂತಿತ್ತು. ಒಳಗೆ ಯಾರೂ ಇಲ್ಲ, ಗಾಜಿನ ಮೇಲೆ ಫೋನ್ ನಂಬರೂ ಇಲ್ಲ.

ನಮ್ಮ ಮನೆ ಇರುವುದು ಬೆಂಗಳೂರಿನ ಇಂದಿರಾನಗರದಲ್ಲಿ, 12ನೇ ಮೇನ್‌ಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ವೀಕೆಂಡ್ ಬಂತೆಂದರೆ ಇಡೀ ಊರೇ ಊಟಕ್ಕೆ ಇಲ್ಲಿಗೆ ಬಂದಂತಿರುತ್ತದೆ. ಆ ಕಾರು ಯಾರದಿರಬಹುದು ಎಂದು ಊಹಿಸುವುದು ಕಷ್ಟವೇನಿರಲಿಲ್ಲ. ಮೂಲೆಯ ರೆಸ್ಟೋರೆಂಟ್‌ಗೆ ಓಡಿದೆ. ಬಾಗಿಲಲ್ಲಿ ಛತ್ರಿ, ಅದರ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಕೀಲಿಗೊಂಚಲುಗಳ ಹಲಗೆ. ‘ವ್ಯಾಲೆಟ್ ಪಾರ್ಕಿಂಗ್’ ಎಂಬ ಬೋರ್ಡು. ಆ ಕಾರಿನ ಕೀಲಿ ತೆಗೆದುಕೊಂಡು ಹೋದ ಹುಡುಗ ಮತ್ತೊಂದು ಕಾರು ನಿಲ್ಲಿಸಲು ಎಲ್ಲಿಗೋ ಹೋಗಿದ್ದ. ಕಾದು ಸಾಕಾಗಿ ಕೊನೆಗೆ ಅಜ್ಜಿಯನ್ನು ಆಟೊದಲ್ಲಿ ಕರೆದುಕೊಂಡು ಹೋದೆವು. ದೇವರು ದೊಡ್ಡವನು, ರಾತ್ರಿ ಹನ್ನೆರಡಕ್ಕೆ ಅಜ್ಜಿ ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿದರು.

ನನಗೆ ಮಾತ್ರ ನಿದ್ದೆ ಬರಲಿಲ್ಲ. ಮರುದಿನ ಸಂಜೆ ಜಗಳ ಆಡಬೇಕೆಂದೇ ಹೋದೆ. ಕೀಲಿ ಹಲಗೆಯ ಮುಂದೆ ನಿಂತಿದ್ದ ಹುಡುಗ ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಕೊಪ್ಪಳದ ಕಡೆಯವನು. ನಾನು ಬಾಯಿ ತೆರೆಯುವ ಮೊದಲೇ, “ಅಜ್ಜಾರು ಆರಾಮ್ ಅದಾರೇನ್ರೀ ಅಕ್ಕಾ?” ಎಂದ. ಸಿಟ್ಟು ಅರ್ಧ ಇಳಿಯಿತು. “ಒಳಗ ಆರು ಗಾಡಿಗೆ ಜಾಗ ಐತ್ರಿ. ಶನಿವಾರ ನಲವತ್ತು ಗಾಡಿ ಬರ್ತಾವು. ಜಾಗ ಇಲ್ಲ ಅನ್ನಂಗಿಲ್ಲ, ಸಿಕ್ಕಲ್ಲಿ ಹಚ್ಚಬೇಕು. ಗೀರು ಬಿದ್ರ ಪಗಾರದಾಗ ಹಿಡೀತಾರ” ಎಂದ. ಇನ್ನು ಜಗಳ ಯಾರ ಜೊತೆ ಆಡಲಿ?

ಅವನ ಮಾತಲ್ಲೇ ಇಡೀ ಲೆಕ್ಕ ಇದೆ. ರೆಸ್ಟೋರೆಂಟ್‌ಗೆ ಇರುವುದು ಆರು ಕಾರಿನ ಜಾಗ. ಉಳಿದ ಮೂವತ್ತನಾಲ್ಕು ಕಾರುಗಳನ್ನು ನಿಲ್ಲಿಸುವುದು ಸಾರ್ವಜನಿಕ ರಸ್ತೆಯಲ್ಲಿ. ಅತಿಥಿಗೆ ಸಿಗುವ ಸೌಕರ್ಯ ನಿಜವಾಗಿ ರೆಸ್ಟೋರೆಂಟ್ ಕೊಟ್ಟದ್ದಲ್ಲ, ಬೀದಿ ಕೊಟ್ಟದ್ದು. ಬೀದಿಗೆ ಯಾರೂ ಬಾಡಿಗೆ ಕೊಡುವುದಿಲ್ಲ. ಒಂದು ಕಾರು ನಿಲ್ಲಿಸಲು ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಅಂದರೆ ಸುಮಾರು 134 ಚದರಡಿ. ನನ್ನ ಗೆಳತಿಯರು ಮೂವರು ಹಂಚಿಕೊಂಡಿರುವ ಪಿ.ಜಿ. ಕೋಣೆ ಇದಕ್ಕಿಂತ ಚಿಕ್ಕದು. ಅದಕ್ಕೆ ಅವರು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆ!

ಕಾನೂನು ಏನನ್ನುತ್ತದೆ ಎಂದು ಹುಡುಕಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ಫುಟ್‌ಪಾತ್ ಮೇಲಾಗಲಿ, ಗೇಟಿಗೆ ಅಡ್ಡವಾಗಲಿ ವಾಹನ ನಿಲ್ಲಿಸುವಂತಿಲ್ಲ. ನಿಲ್ಲಿಸಿದವನು ವ್ಯಾಲೆಟ್ ಹುಡುಗನಾದರೂ ಕ್ಯಾಮೆರಾದಲ್ಲಿ ಬೀಳುವುದು ಕಾರಿನ ನಂಬರ್, ಆದ್ದರಿಂದ ದಂಡದ ನೋಟಿಸ್ ಹೋಗುವುದು ಮಾಲೀಕರ ಹೆಸರಿಗೆ. ಲೈಸೆನ್ಸ್ ಇಲ್ಲದವರ ಕೈಗೆ ವಾಹನ ಕೊಡುವುದೂ ಮೋಟಾರು ವಾಹನ ಕಾಯ್ದೆಯಡಿ ತಪ್ಪು. ಕೀಲಿ ಕೊಡುವಾಗ ‘ನಿಮ್ಮ ಬಳಿ ಲೈಸೆನ್ಸ್ ಇದೆಯಾ?’ ಎಂದು ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆ?

ಇನ್ನೊಂದು ವಿಷಯ ಕಾರಿನಲ್ಲಿ ಊಟಕ್ಕೆ ಹೋಗುವವರಿಗೆ ಗೊತ್ತಿರಲಿ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ವ್ಯಾಲೆಟ್‌ಗೆ ಕೊಟ್ಟರು. ಅವರು ಹೊರಗೆ ಬರುವಷ್ಟರಲ್ಲಿ ಕಾರು ಕಳುವಾಗಿತ್ತು. ‘ವಾಹನಕ್ಕೆ ಮಾಲೀಕರೇ ಹೊಣೆ’ ಎಂದು ಚೀಟಿಯಲ್ಲಿ ಬರೆದಿದೆಯಲ್ಲ ಎಂಬುದು ಹೋಟೆಲಿನ ವಾದ. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2019ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟ ಪೀಠದಲ್ಲಿದ್ದವರು ನಮ್ಮ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಎಂ. ಶಾಂತನಗೌಡರ. ಕೀಲಿ ಪಡೆದ ಮೇಲೆ ಕಾರನ್ನು ಜೋಪಾನ ಮಾಡುವುದು ಹೋಟೆಲಿನ ಹೊಣೆ, ತನ್ನ ನಿರ್ಲಕ್ಷ್ಯವನ್ನು ಚೀಟಿಯ ಸಾಲಿನಡಿ ಮುಚ್ಚಿಡಲಾಗದು ಎಂಬುದು ಆ ತೀರ್ಪಿನ ತಿರುಳು.

ಕಾರಿಗೆ ಹೋಟೆಲ್ ಹೊಣೆ ಎಂದಾಯಿತು. ಬೀದಿಗೆ ಯಾರು ಹೊಣೆ? ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ‘ಪುಕ್ಕಟೆ ಪಾರ್ಕಿಂಗ್‌ನ ದುಬಾರಿ ಬೆಲೆ’ ಎಂಬ ಅರ್ಥದ ಹೆಸರಿನ ದೊಡ್ಡ ಪುಸ್ತಕವನ್ನೇ ಬರೆದರು. ಬೀದಿಯ ಜಾಗಕ್ಕೆ ಸರಿಯಾದ ಶುಲ್ಕ ಹಾಕಿ, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಿ ಎಂಬುದು ಅವರ ಸಲಹೆ. ಕ್ಯಾಲಿಫೋರ್ನಿಯಾದ ಪಸಡೀನಾ ನಗರ 1993ರಲ್ಲೇ ಹಳೆಪೇಟೆಯಲ್ಲಿ ಮೀಟರ್ ಹಾಕಿ, ಆ ದುಡ್ಡಿನಲ್ಲಿ ಅಲ್ಲಿನ ಫುಟ್‌ಪಾತ್ ಸರಿಮಾಡಿಸಿತು. ಜಪಾನಿನ ಬಹುಪಾಲು ಊರುಗಳಲ್ಲಿ ನಿಲ್ಲಿಸಲು ಜಾಗವಿದೆ ಎಂದು ತೋರಿಸದೆ ಕಾರೇ ನೋಂದಣಿಯಾಗುವುದಿಲ್ಲ. ನಮ್ಮಲ್ಲಿ ಕನಿಷ್ಠ, ವ್ಯಾಲೆಟ್ ಸೇವೆ ಕೊಡುವವರು ‘ಇಷ್ಟು ಕಾರು, ಇಂಥ ಜಾಗದಲ್ಲಿ’ ಎಂದು ಪಾಲಿಕೆಗೆ ತೋರಿಸಲಿ. ಆ ಜಾಗದ ವಿವರ ಬಾಗಿಲಲ್ಲೇ ಇರಲಿ. ತುಂಬಿದ ಮೇಲೆ ‘ಜಾಗ ಇಲ್ಲ’ ಎನ್ನುವ ಧೈರ್ಯ ಆ ಕೊಪ್ಪಳದ ಹುಡುಗನಿಗೆ ಬರಲಿ.

ಇದನ್ನೆಲ್ಲ ಊಟದ ಹೊತ್ತಲ್ಲಿ ಆವೇಶದಿಂದ ಹೇಳುತ್ತಿದ್ದೆ. ಅಜ್ಜಿ ಕೇಳಿಸಿಕೊಂಡು, “ಅದ್ಸರಿ ಕಣೇ, ಕಾಂಪೌಂಡ್ ಆಚೆ ನಿಮ್ಮಪ್ಪ ಇಟ್ಟಿರೋ ಹೂಕುಂಡ ಯಾರ ಜಾಗದಲ್ಲಿವೆ?” ಅಂದರು. ಅಪ್ಪ ತಟ್ಟೆ ನೋಡುತ್ತಾ ಕುಳಿತರು. ಬೇರೆಯವರು ಕಾರು ನಿಲ್ಲಿಸಬಾರದೆಂದು ಸಿಮೆಂಟ್ ತುಂಬಿದ ನಾಲ್ಕು ಕುಂಡ, ‘ನೋ ಪಾರ್ಕಿಂಗ್’ ಬರೆದ ತಗಡು ಇಟ್ಟು ವರ್ಷಗಳೇ ಆಗಿವೆ. ನಮ್ಮ ಬೀದಿಯ ಅರ್ಧದಷ್ಟು ಮನೆಗಳ ಮುಂದೆ ಇದೇ ಕಥೆ. ನಾವು ಬೀದಿಯನ್ನು ಕುಂಡದಿಂದ ಹಿಡಿದಿಟ್ಟರೆ, ಆ ಹುಡುಗನಿಗೆ ಕೊನೆಗೆ ಉಳಿಯುವುದು ಯಾರದಾದರೂ ಗೇಟಿನ ಮುಂದಿನ ಜಾಗವೇ!

ಭಾನುವಾರ ಅಪ್ಪ, ನಾನು ಸೇರಿ ಕುಂಡಗಳನ್ನು ಒಳಗೆ ಸಾಗಿಸಿದೆವು. ಗೇಟಿನಷ್ಟು ಅಗಲಕ್ಕೆ ಮಾತ್ರ ‘ದಾರಿ ಬಿಡಿ’ ಎಂದು ಬರೆದು, ಕೆಳಗೆ ಫೋನ್ ನಂಬರ್ ಹಾಕಿದೆವು. ಹೋದ ಶನಿವಾರ ಕುಂಡವಿದ್ದ ಜಾಗದಲ್ಲಿ ಎರಡು ಕಾರು ನಿಂತಿದ್ದವು. ಗೇಟಿನ ಮುಂದೆ ಜಾಗ ಖಾಲಿ ಇತ್ತು. ಪ್ರತಿ ಶನಿವಾರವೂ ಹೀಗೇ ಇರುತ್ತದೆ ಎಂಬ ಭರವಸೆ ನನಗಿಲ್ಲ.

ನಿಮಗೊಂದು ವಿನಂತಿ. ಊಟಕ್ಕೆ ಬನ್ನಿ, ಖಂಡಿತ ಬನ್ನಿ. ಇಂದಿರಾನಗರಕ್ಕೆ 2011ರಿಂದಲೇ ಮೆಟ್ರೊ ಇದೆ. ಕಾರಿನಲ್ಲೇ ಬಂದರೆ ಕೀಲಿ ಕೊಡುವ ಮುನ್ನ ‘ಎಲ್ಲಿ ನಿಲ್ಲಿಸ್ತೀರಾ?’ ಎಂದು ಒಂದು ಮಾತು ಕೇಳಿ. ಉತ್ತರ ಬರದಿದ್ದರೆ, ಅದು ಯಾರದೋ ಅಜ್ಜಿಯ ಗೇಟು ಎಂದು ತಿಳಿಯಿರಿ.